ಒಂದು ಸೀಸೆ, ಎಂಬತ್ತು ಕಣ್ಣು

ನನ್ನ ಸೋದರಮಾವ ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರು. ಹಳೆಯ ಸಕ್ಕರೆ ಕಾಯಿಲೆ ಕೊನೆಗೆ ಎಡಗಣ್ಣಿಗೂ ಬಂತು. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ನೀರು ಕಟ್ಟಿಕೊಂಡಿದೆ, ಒಳಗೇ ಇಂಜೆಕ್ಷನ್ ಕೊಡಬೇಕು ಎಂದರು ಬೆಂಗಳೂರಿನ ವೈದ್ಯರು. ಆಸ್ಪತ್ರೆಯ ಸಮಾಲೋಚಕಿ ಒಂದು ಚೀಟಿಯಲ್ಲಿ ಮೂರು ಹೆಸರು ಬರೆದು ಮುಂದಿಟ್ಟರು: ಅವಾಸ್ಟಿನ್, ರಾನಿಬಿಜುಮ್ಯಾಬ್, ಐಲಿಯಾ. ಮೊದಲನೆಯದರ ಎದುರು ನಾಲ್ಕಂಕಿಯ ಮೊತ್ತ, ಉಳಿದೆರಡರ ಎದುರು ಐದಂಕಿಯದು. ತಿಂಗಳಿಗೊಂದರಂತೆ ಮೊದಲು ಮೂರು, ಆಮೇಲೆ ನೋಡೋಣ ಎಂಬ ಒಕ್ಕಣೆ ಕೆಳಗೆ.

"ಮೂರೂ ಮಾಡುವುದು ಒಂದೇ ಕೆಲಸ ತಾನೇ? ಮತ್ತೆ ಬೆಲೆ ಯಾಕಮ್ಮ ಹೀಗೆ?" ಎಂದು ಮಾವ ಕೇಳಿದರು.

"ಅದನ್ನು ಡಾಕ್ಟರನ್ನೇ ಕೇಳಿ ಯಜಮಾನರೇ."

ಡಾಕ್ಟರ ಕೋಣೆಯ ಮುಂದೆ ಸಾಲು ಮೆಟ್ಟಿಲವರೆಗೆ ಇತ್ತು. ಮಾವ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು, ಹದಿನೈದು ಕೆಜಿಯ ಟೊಮೆಟೊ ಬಾಕ್ಸುಗಳಲ್ಲಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಕೀಳುವ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳೂ ಇವೆ. ಹಾಗಾಗಿ ಅವರ ಲೆಕ್ಕ ಯಾವ ಮೊತ್ತದಲ್ಲೂ ನಿಲ್ಲಲಿಲ್ಲ.

ಮಾವನ ಪ್ರಶ್ನೆಗೆ ಉತ್ತರ ಇರುವುದು ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲಿ. ಹೊಸ ರಕ್ತನಾಳಗಳನ್ನು ಬೆಳೆಸುವ, ಇರುವ ನಾಳಗಳು ಸೋರುವಂತೆ ಮಾಡುವ ಒಂದು ಪ್ರೊಟೀನನ್ನು 1989ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿ ನೆಪೋಲಿಯನ್ ಫೆರಾರಾ ಮತ್ತು ಸಂಗಡಿಗರು ಗುರುತಿಸಿದರು. ಅದರ ಹೆಸರು ವಿಇಜಿಎಫ್. ಗೆಡ್ಡೆಗೆ ರಕ್ತ ಒದಗಿಸುವುದೂ ಅದೇ, ಸಕ್ಕರೆ ಕಾಯಿಲೆಯಲ್ಲಿ ಅಕ್ಷಿಪಟಲದ ನಡುಭಾಗ ಊದಿಕೊಳ್ಳಲು ಕಾರಣವೂ ಬಹುಪಾಲು ಅದೇ. ಅದನ್ನು ತಡೆಯುವ ಬೆವಾಸಿಜುಮ್ಯಾಬ್, ಅಂದರೆ ಅವಾಸ್ಟಿನ್, 2004ರಲ್ಲಿ ಕರುಳಿನ ಕ್ಯಾನ್ಸರಿಗೆಂದು ಮಾರುಕಟ್ಟೆಗೆ ಬಂತು. ಅದೇ ಕಂಪನಿ ಅದೇ ವಂಶದ ಚಿಕ್ಕ ಅಣುವೊಂದನ್ನು ಕಣ್ಣಿಗೆಂದೇ ರೂಪಿಸಿತು. ಅದು ರಾನಿಬಿಜುಮ್ಯಾಬ್, ಅನುಮತಿ ಸಿಕ್ಕಿದ್ದು 2006ರಲ್ಲಿ. ಚೀಟಿಯ ಮೂರನೆಯ ಹೆಸರು ಐಲಿಯಾ, ಅದೇ ಪ್ರೊಟೀನನ್ನು ತಡೆಯುವ ಬೇರೊಂದು ಕಂಪನಿಯ ಔಷಧ.

ನಡುವಿನ ಅವಧಿಯಲ್ಲಿ ಕಾಯಲಾಗದ ರೋಗಿಗಳಿದ್ದರು. 2005ರಲ್ಲಿ ಮಯಾಮಿಯ ನೇತ್ರತಜ್ಞ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರ್ ಔಷಧದ ಒಂದು ತೊಟ್ಟನ್ನೇ ಕಣ್ಣಿಗೆ ಚುಚ್ಚಿ ನೋಡಿದರು. ಊತ ಇಳಿಯಿತು. ಚಿಕ್ಕ ಸೀಸೆಯಲ್ಲಿರುವುದು 100 ಮಿಲಿಗ್ರಾಂ, ಒಂದು ಕಣ್ಣಿಗೆ ಬೇಕಾದದ್ದು 1.25 ಮಿಲಿಗ್ರಾಂ. ಕಾಗದದ ಮೇಲೆ ಒಂದು ಸೀಸೆಗೆ ಎಂಬತ್ತು ಕಣ್ಣು. ಸೋರಿಕೆ, ಉಳಿಕೆ ಕಳೆದರೂ ಹತ್ತಾರು. ಅಮೆರಿಕದಲ್ಲಿ ರಾನಿಬಿಜುಮ್ಯಾಬಿನ ಒಂದು ಡೋಸಿಗೆ ಸುಮಾರು 2,000 ಡಾಲರ್ ಇದ್ದಾಗ ಹೀಗೆ ಹಂಚಿದ ಅವಾಸ್ಟಿನ್ 50 ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಕಣ್ಣಿಗೆ ಬಳಸಲು ಅನುಮತಿ ಕೊಡಿ ಎಂದು ಕಂಪನಿ ಅರ್ಜಿ ಹಾಕಲಿಲ್ಲ. ಯಾಕೆ ಹಾಕುತ್ತದೆ?

ಎರಡನ್ನೂ ಹೋಲಿಸುವ ಕೆಲಸ ಸರ್ಕಾರದ ಹಣದಲ್ಲೇ ಆಗಬೇಕಾಯಿತು. ವಯಸ್ಸಾದವರ ಮ್ಯಾಕುಲಾ (ಅಕ್ಷಿಪಟಲದ ನಡುಭಾಗ) ಕಾಯಿಲೆಯ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಮೆರಿಕದ ಅಧ್ಯಯನ, ಎರಡೂ ದೃಷ್ಟಿಯನ್ನು ಸಮನಾಗಿ ಕಾಪಾಡುತ್ತವೆ ಎಂದು 2011ರಲ್ಲಿ ಹೇಳಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಾಸ್ಟಿನ್‌ನ ಮೂಲ ಔಷಧವನ್ನು ಕಣ್ಣಿನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಗ್ಗದ್ದರ ಬಳಕೆಗೆ ಅಡ್ಡಗಾಲು ಹಾಕಲು ಕೈಜೋಡಿಸಿದರೆಂದು 2014ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಜೆನೆನ್‌ಟೆಕ್‌ನ ಒಡೆತನದ ರೋಶ್ ಮತ್ತು ಅಮೆರಿಕದ ಹೊರಗೆ ರಾನಿಬಿಜುಮ್ಯಾಬ್ ಮಾರುತ್ತಿದ್ದ ನೊವಾರ್ಟಿಸ್ ಕಂಪನಿಗಳಿಗೆ 18 ಕೋಟಿ ಯೂರೋಗೂ ಮಿಕ್ಕಿ ದಂಡ ಹಾಕಿತು.

ಹಂಚಿಕೊಳ್ಳುವುದರಲ್ಲಿ ಅಪಾಯವೂ ಇದೆ. ಸೀಸೆಯಿಂದ ಸಿರಿಂಜಿಗೆ ತುಂಬುವಾಗ ಶುದ್ಧಿ ಕೆಟ್ಟರೆ ಆ ದಿನ ಸೂಜಿ ಹಾಕಿಸಿಕೊಂಡ ಎಲ್ಲರ ಕಣ್ಣಿಗೂ ಸೋಂಕು ತಗಲಬಹುದು. 2016ರ ಜನವರಿಯಲ್ಲಿ ಗುಜರಾತಿನಲ್ಲಿ ಹೀಗೆ ಹಲವರ ಕಣ್ಣಿಗೆ ತೊಂದರೆಯಾದಾಗ ಭಾರತದ ಔಷಧ ನಿಯಂತ್ರಕರು ಕಣ್ಣಿಗೆ ಇದನ್ನು ಬಳಸದಂತೆ ಎಚ್ಚರಿಕೆ ಹೊರಡಿಸಿದರು. ಬಡ ರೋಗಿಗಳಿಗೆ ಬೇರೆ ದಾರಿಯೇ ಇಲ್ಲ ಎಂದು ನೇತ್ರತಜ್ಞರ ಸಂಘಗಳು ಪಟ್ಟು ಹಿಡಿದವು. ಅದೇ ಮಾರ್ಚಿನಲ್ಲಿ ಎಚ್ಚರಿಕೆ ವಾಪಸಾಯಿತು. ಅಷ್ಟರಲ್ಲಿ, 2015ರಿಂದಲೇ, ಅಹಮದಾಬಾದಿನ ಇಂಟಾಸ್ ಕಂಪನಿ ರಾನಿಬಿಜುಮ್ಯಾಬಿನ ದೇಶೀಯ ಪ್ರತಿರೂಪ ರಜುಮ್ಯಾಬನ್ನು ಮಾರುತ್ತಿತ್ತು. ಮಾವನ ಚೀಟಿಯ ನಡುವಿನ ಸಾಲಿನ ಬೆಲೆ ಕೆಳಗಿಳಿದದ್ದು ಹೀಗೆ.

ಹಾಗಾದರೆ ಯಾವುದನ್ನು ಆರಿಸುವುದು? ಸಕ್ಕರೆ ಕಾಯಿಲೆಯ ಕಣ್ಣಿನ ಮಟ್ಟಿಗೆ 2015ರ ಅಧ್ಯಯನವೊಂದು ಉಪಯುಕ್ತ ಗೆರೆ ಎಳೆದಿದೆ: ದೃಷ್ಟಿ ಅಷ್ಟೇನೂ ಕೆಡದಿದ್ದರೆ ಮೂರೂ ಹೆಚ್ಚುಕಡಿಮೆ ಒಂದೇ, 6/15 (ಒಳ್ಳೆಯ ಕಣ್ಣಿಗೆ 15 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದ ಮಾತ್ರ ಕಾಣುವ ಸ್ಥಿತಿ) ಅಥವಾ ಅದಕ್ಕಿಂತ ಕೆಟ್ಟಿದ್ದರೆ ಮೊದಲ ವರ್ಷ ಐಲಿಯಾ ಮುಂದು. ಅಂಥ ಕೆಟ್ಟ ಕಣ್ಣುಗಳಿಗೇ ಅಗ್ಗದ್ದರಿಂದ ಶುರುಮಾಡಿ, ಸಾಲದಾದರೆ ಬದಲಿಸಿದರೆ ಏನಾಗುತ್ತದೆ ಎಂದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋಡಿತು. ಎರಡು ವರ್ಷದ ಕೊನೆಗೆ ಫಲ ಒಂದೇ. ಆದರೆ ನೂರಕ್ಕೆ ಸುಮಾರು ಎಪ್ಪತ್ತು ಕಣ್ಣುಗಳಿಗೆ ನಡುವೆ ಔಷಧ ಬದಲಿಸಬೇಕಾಯಿತು. ಅಗ್ಗದ್ದರಿಂದ ಹೊರಟವರು ಆ ದಿನಕ್ಕೂ ಹಣ ಎತ್ತಿಟ್ಟಿರಬೇಕು. ಹಣ ಸಾಲದೆ ನಡುವೆ ಬಿಟ್ಟರೆ ಊತ ಮರಳುತ್ತದೆ, ಹಾಕಿಸಿದ್ದೂ ನೀರಿನಲ್ಲಿ ಹೋಮ. ಅಪ್ಪಟ ದುಬಾರಿ ಔಷಧದ ಎರಡು ಸೂಜಿಗಿಂತ ಅಗ್ಗದ್ದರ ಆರು ಸೂಜಿ ಮೇಲು ಎಂಬುದು ನನ್ನ ಅಭಿಪ್ರಾಯ. ನಿಮ್ಮ ವೈದ್ಯರು ಕಣ್ಣು ನೋಡಿ ಬೇರೆ ಹೇಳಬಹುದು.

ವಿಮೆಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಹೆಚ್ಚಿನವರಿಗೆ ಗೊತ್ತಿಲ್ಲ. ಆರೋಗ್ಯ ವಿಮಾ ಪಾಲಿಸಿಗಳು ಕೈಬಿಡಬಾರದ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಪಟ್ಟಿಮಾಡಿತು. ಕಣ್ಣಿನೊಳಗಿನ ಇಂಜೆಕ್ಷನ್ ಅದರಲ್ಲೊಂದು. ಮೊತ್ತಕ್ಕೆ ಮಿತಿ ಹಾಕುವ ಅಧಿಕಾರವನ್ನು ಮಾತ್ರ ಆ ನಿಯಮ ಕಂಪನಿಗಳಿಗೆ ಬಿಟ್ಟಿತ್ತು. ನನ್ನ ದೊಡ್ಡಪ್ಪನ ಮಗನ ಅರ್ಜಿಯನ್ನು "ಹೊರರೋಗಿ ಚಿಕಿತ್ಸೆ" ಎಂದು ಒಂದು ಕಂಪನಿ ತಿರಸ್ಕರಿಸಿತ್ತು. ಆ ಪಟ್ಟಿಯನ್ನು ಉಲ್ಲೇಖಿಸಿ, ವಿಮಾ ದೂರುಗಳನ್ನು ಕೇಳುವ ಬೆಂಗಳೂರಿನ ವಿಮಾ ಲೋಕಪಾಲರ ಹೆಸರೆತ್ತಿ ಪತ್ರ ಬರೆದ ಮೇಲೆ ಹಣ ಬಂತು.

ಮಾವನ ಬಳಿ ಇರುವುದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು, ಯೋಜನೆ ಭರಿಸುವ ಚಿಕಿತ್ಸೆಗಳ ಸಂಕೇತ ಪಟ್ಟಿಯಲ್ಲಿ ಆ ಚಿಕಿತ್ಸೆ ಇರಬೇಕು. ಹಾಗಾಗಿ ಅವರು ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ, ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿನ ಮುಂದೆ ಚೀಟಿ ಹಿಡಿದು ನಿಂತರು. ಸೂಜಿ ಬಿದ್ದ ಮೇಲೆ ಬಿಲ್ಲು ಹಿಡಿದು ಹೋದರೆ ಅಲ್ಲಿ ಯಾರೂ ಏನೂ ಮಾಡಲಾರರು.

ಚೀಟಿಗೆ ಹತ್ತದ ಖರ್ಚುಗಳೂ ಇವೆ. ಪ್ರತಿ ಸಲ ಕಣ್ಣಿನ ಪಾಪೆ ಹಿಗ್ಗಿಸುವ ಹನಿ, ಅಕ್ಷಿಪಟಲದ ಊತ ತೋರಿಸುವ ಓಸಿಟಿ ಸ್ಕ್ಯಾನ್, ಒಂದು ದಿನದ ಕೂಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಕೈಹಿಡಿದು ಬಸ್ಸು ಹತ್ತಿಸಲು ಜೊತೆಗೊಬ್ಬರು. ಅತ್ತೆಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಮಾವನಿಗೆ ಇದೆ. "ಕಾಯಿಲೆ ನನಗೆ, ಬಿಟ್ಟಿ ಪ್ರಯಾಣ ಅವಳಿಗೆ" ಎಂದು ಮಾವ ಪ್ರತಿ ಸಲವೂ ಹೇಳುತ್ತಾರೆ.

ಮೂರನೆಯ ಸೂಜಿಯ ನಂತರದ ಸ್ಕ್ಯಾನಿನಲ್ಲಿ ಊತ ಅರ್ಧಕ್ಕಿಂತ ಕಡಿಮೆಯಾಗಿತ್ತು. ಇನ್ನು ಆರು ವಾರ ಬಿಟ್ಟು ಬನ್ನಿ, ಹೀಗೇ ಇದ್ದರೆ ಅಂತರ ಹೆಚ್ಚಿಸೋಣ ಎಂದರು ವೈದ್ಯರು. ಮಾವ ಆ ತಾರೀಖನ್ನು ಹಳೆಯ ಚೀಟಿಯ ಹಿಂಬದಿಯಲ್ಲಿ, ಬಾಕ್ಸಿನ ಲೆಕ್ಕದ ಪಕ್ಕದಲ್ಲೇ ಬರೆದುಕೊಂಡರು. ಅಷ್ಟು ಹೊತ್ತಿಗೆ ಎರಡನೇ ಕೊಯ್ಲು ಬರುತ್ತದೆ.