ಚೇತರಿಕೆ: ಹೊಲಿಗೆ ಬಿಚ್ಚಿದ ದಿನಕ್ಕೆ ಇಡುವ ಹೆಸರಲ್ಲ

‘ಮೆದುಳಿನ ಆಪರೇಷನ್ ಆಗಿ ಆರೇ ವಾರ, ಸಂಪೂರ್ಣ ಚೇತರಿಕೆ, ಮತ್ತೆ ಮ್ಯಾರಥಾನ್ ತಯಾರಿ.’ ಇಂಥ ಸಾಲುಗಳು ಈಗ ತುಂಬ ಸಲೀಸಾಗಿ ಬರುತ್ತಿವೆ. ಬರೆದವರ ಮನಸ್ಸಿನಲ್ಲಿರುವುದು ಗಾಯ ಮಾಯ್ದದ್ದು, ಬರೆದದ್ದು ಚೇತರಿಕೆ. ಅವೆರಡೂ ಒಂದೇ ಎಂದು ಓದಿಕೊಂಡವರು ಬೂಟು ಕಟ್ಟಿ ರಸ್ತೆಗೆ ಇಳಿಯುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಚೇತನ, ಚಿತ್ತ, ಚೇತಸ್ಸುಗಳ ಕುಲದ ಮಾತು ಚೇತರಿಸು. ಮೂಲದಲ್ಲಿರುವ ‘ಚಿತ್’ ಧಾತುವಿಗೆ ಅರಿ, ಗಮನಿಸು ಎಂಬ ಅರ್ಥ. ಮೂರ್ಛೆ ಹೋದವರು ಕಣ್ಣು ಬಿಟ್ಟು ಸುತ್ತಲಿನದನ್ನು ಗುರುತಿಸಿದರೆ ಚೇತರಿಸಿಕೊಂಡರು ಎನ್ನುತ್ತೇವೆ. ಅಂದರೆ ಚರ್ಮ, ಎಲುಬುಗಳ ವಿಷಯಕ್ಕಿಂತ ಮೊದಲು ಇದು ಅರಿವಿನ ವಿಷಯ. ವ್ಯಾಕರಣವೂ ಅದನ್ನೇ ಹೇಳುತ್ತದೆ. ವೈದ್ಯರು ಗುಣಪಡಿಸುತ್ತಾರೆ, ವಾಸಿ ಮಾಡುತ್ತಾರೆ. ಆದರೆ ‘ವೈದ್ಯರು ರೋಗಿಯನ್ನು ಚೇತರಿಸಿದರು’ ಎಂದು ಯಾರೂ ಹೇಳುವುದಿಲ್ಲ. ಚೇತರಿಸಿ‘ಕೊಳ್ಳ’ಬೇಕು. ಆ ಕೊಳ್ಳುವಿಕೆಯನ್ನು ರೋಗಿಯ ಮೈ ತಾನೇ ಮಾಡಬೇಕು, ತನ್ನ ಹೊತ್ತಿನಲ್ಲಿ ಮಾಡಬೇಕು.

ಕಾಸರಗೋಡಿನ ಕಡೆ ಇದಕ್ಕೆ ಇನ್ನಷ್ಟು ಎಳೆಗಳಿವೆ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಕುಂಬಳೆಗೋ ಬದಿಯಡ್ಕಕ್ಕೋ ಬಂದವರ ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ. ಜಗಲಿಗೆ ಬಂದ ನೆರೆಕರೆಯವರಲ್ಲಿ ಒಬ್ಬರು ತುಳುವಿನಲ್ಲಿ ‘ಗುಣ ಆಂಡಾ?’ ಎನ್ನುತ್ತಾರೆ, ಇನ್ನೊಬ್ಬರು ‘ಹೇಗುಂಟು ಮಾವ, ಭೇದ ಉಂಟಾ?’ ಎನ್ನುತ್ತಾರೆ. ಈ ‘ಭೇದ’ ಮಲಯಾಳದಿಂದ ಬಂದದ್ದು. ಘಟ್ಟದ ಮೇಲಿನವರಿಗೆ ಇದು ವಿಚಿತ್ರವಾಗಿ ಕೇಳೀತು, ಆದರೆ ಮಲಯಾಳದಲ್ಲಿ ಅದಕ್ಕೆ ‘ಮೊದಲಿಗಿಂತ ಮೇಲು’ ಎಂಬ ಅರ್ಥ. ‘ಅತಿನೇಕ್ಕಾಳ್ ಭೇದಂ ಇತಾಣ್’ ಎಂದರೆ ಅದಕ್ಕಿಂತ ಇದು ವಾಸಿ. ನಮ್ಮ ‘ವಾಸಿ’ಯನ್ನೇ ನೋಡಿ: ‘ಅವನಿಗಿಂತ ಇವನು ವಾಸಿ’ ಎನ್ನುವಾಗಲೂ ಅದೇ ಪದ, ‘ಜ್ವರ ವಾಸಿಯಾಯಿತು’ ಎನ್ನುವಾಗಲೂ ಅದೇ. ಎರಡು ಭಾಷೆಗಳೂ ರೋಗ ನೀಗುವುದನ್ನು ಹೋಲಿಕೆಯ ಮಾತಿನಲ್ಲೇ ಹೇಳಿವೆ. ನಿನ್ನೆಗಿಂತ ಇವತ್ತು ಮೇಲು, ಅಷ್ಟೇ. ‘ಸಂಪೂರ್ಣ’ವನ್ನು ಆರನೇ ವಾರದ ಚೇತರಿಕೆಗೆ ಅಂಟಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹುಷಾರು ಇನ್ನೊಂದು. ಪಾರಸಿಯ ‘ಹೋಶ್’ ಎಂದರೆ ಪ್ರಜ್ಞೆ; ಹೋಶಿಯಾರ್ ಎಂದರೆ ಪ್ರಜ್ಞೆ ಇರುವವನು, ಎಚ್ಚರಿರುವವನು. ಕನ್ನಡದಲ್ಲಿ ಅದು ಆರೋಗ್ಯವೂ ಹೌದು, ಜೋಪಾನವೂ ಹೌದು, ಕರಾವಳಿಯಲ್ಲಿ ಜಾಣತನವೂ ಹೌದು. ಮಲಯಾಳದ ‘ಉಷಾರ್’ ಮಾತ್ರ ಲವಲವಿಕೆ, ಹುರುಪು. ತೊಡಕು ಇಲ್ಲೇ. ಉಷಾರ್ ಬಂತೆಂದು ಹುಷಾರು ಬಂದಂತಲ್ಲ. ದೂರದ ಓಟಗಾರರ ಎದೆ, ಕಾಲು ಮೊದಲೇ ಪಳಗಿರುತ್ತವೆ, ಬೇಗ ಹುರುಪಾಗುತ್ತವೆ. ತಲೆ ಹಿಂದೆ ಉಳಿದಿರುತ್ತದೆ.

ಓಟದವರ ‘ರಿಕವರಿ’ ಬೇರೆಯೇ. ಉದ್ದ ಓಟದ ಮರುದಿನ ಕಾಲು ಸಡಿಲಿಸುವ ನಿಧಾನದ ಓಟ, ಒಂದೆರಡು ದಿನದ ವಿಶ್ರಾಂತಿ. ಡಿಸ್ಚಾರ್ಜ್ ಚೀಟಿಯ ರಿಕವರಿಯನ್ನು ಆ ಲೆಕ್ಕದಲ್ಲಿ ಓದಬಾರದು.

ಚೀಟಿಯ ರಿಕವರಿಯಲ್ಲಿ ಬೇರೆಬೇರೆ ವೇಗದ ಗಡಿಯಾರಗಳಿವೆ. ಚರ್ಮದ ಹೊಲಿಗೆ ಅಥವಾ ಪಿನ್ನು ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಹೊರಬರುತ್ತದೆ. ತಲೆಬುರುಡೆಯಿಂದ ತೆಗೆದ ಎಲುಬಿನ ತುಂಡನ್ನು ಟೈಟಾನಿಯಂ ಪಟ್ಟಿ, ಸ್ಕ್ರೂಗಳಿಂದ ಮರಳಿ ಕೂರಿಸಿದ್ದರೆ ಅದು ಕೂಡಿಕೊಳ್ಳಲು ತಿಂಗಳುಗಳು ಬೇಕು. ಎಲುಬನ್ನು ಮರಳಿ ಇಡದೇ ಬಿಟ್ಟಿದ್ದರೆ, ಅದನ್ನು ಮುಚ್ಚುವ ಎರಡನೇ ಆಪರೇಷನ್ ಆಗುವವರೆಗೆ ಸೈಕಲ್ಲು, ಗುಡ್ಡದ ದಾರಿಯ ಓಟ ಎರಡೂ ಬೇಡ. ಅಲ್ಲಿ ಮೆದುಳಿನ ಮೇಲೆ ಎಲುಬಿನ ಕಾವಲಿಲ್ಲ. ಮೆದುಳಿನ ಬಳಲಿಕೆ ಇವೆಲ್ಲಕ್ಕಿಂತ ನಿಧಾನ, ಹೊರಗೆ ಕಾಣುವುದೂ ಇಲ್ಲ. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು, ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಚಿಟ್ಟು ಹಿಡಿಯುವುದು, ತಿಂಗಳುಗಟ್ಟಲೆ ಇರಬಹುದು. ಸೋಮಾರಿತನವೆಂದು ಮನೆಯವರು ಬೈಯಬಾರದು.

ಮೊದಲ ವಾರಗಳಲ್ಲಿ ವ್ಯಾಯಾಮವೆಂದರೆ ನಡಿಗೆ. ಸಮತಟ್ಟಾದ ಕಡೆ 5ರಿಂದ 10 ನಿಮಿಷ, ದಿನಕ್ಕೆ ಎರಡು ಮೂರು ಸಲ. ತಲೆ ಬಗ್ಗಿಸಿ ಭಾರ ಎತ್ತುವುದು, ಉಸಿರು ಕಟ್ಟಿ ಮುಕ್ಕರಿಯುವುದು ತಲೆಯೊಳಗಿನ ಒತ್ತಡ ಏರಿಸುತ್ತದೆ. ಬಾವಿಯಿಂದ ನೀರು ಸೇದುವುದೂ ಅದರಲ್ಲಿ ಸೇರಿತು. ಅಡಕೆ ಮರದ ಸಂಕ ದಾಟುವಾಗ ತೂಕ ತಪ್ಪುವವರು ಓಟದ ಮಾತೇ ಎತ್ತಬಾರದು. ಓಟ ಯಾವಾಗ ಎಂಬುದನ್ನು ಆಪರೇಷನ್ ಮಾಡಿದವರೇ ಸ್ಕ್ಯಾನ್ ನೋಡಿ ಹೇಳಬೇಕು. ಹೇಳಿದ ಮೇಲೂ ಶುರು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ, ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗದಲ್ಲಿ. ಅಳೆಯಬೇಕಾದದ್ದು ಮರುದಿನ: ತಲೆನೋವು ಅಥವಾ ಬಳಲಿಕೆ ಹೆಚ್ಚಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ.

ಔಷಧಿಗಳ ಲೆಕ್ಕವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಹೆಚ್ಚು ದಿನ ತೆಗೆದುಕೊಂಡರೆ ತೊಡೆಯ ಸ್ನಾಯು ಸೋಲಬಹುದು. ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂತವರು ಕೈ ಊರದೆ ಏಳಲಾಗದಿದ್ದರೆ ಅದು ಅಭ್ಯಾಸ ತಪ್ಪಿದ್ದಕ್ಕೆ ಮಾತ್ರ ಎಂದುಕೊಳ್ಳಬೇಡಿ, ವೈದ್ಯರಿಗೆ ಹೇಳಿ. ಆ ಮಾತ್ರೆಯನ್ನು ತಾನಾಗಿ ಥಟ್ಟನೆ ನಿಲ್ಲಿಸಲೂಬಾರದು. ಅಪಸ್ಮಾರ (ಫಿಟ್ಸ್) ತಡೆಯುವ ಲೆವೆಟಿರಾಸೆಟಮ್‌ನಿಂದ ತೂಕಡಿಕೆ, ಸುಸ್ತು ಬರಬಹುದು. ಆದರೆ ಒಂದು ಹೊತ್ತಿನ ಮಾತ್ರೆ ತಪ್ಪಿಸುವುದು, ಬೆಳಗಿನ ಜಾವದ ಓಟಕ್ಕೆಂದು ರಾತ್ರಿ ನಿದ್ದೆಗೆಡುವುದು, ಇವೆರಡೂ ಅಪಸ್ಮಾರವನ್ನು ಕರೆದಂತೆ.

ಇನ್ನು ನೀರು. ಸೆಕೆಗೆ ಬೆವರು ಸುರಿಯುವ ಊರಿನಲ್ಲಿ ‘ಚೆನ್ನಾಗಿ ನೀರು ಕುಡಿ’ ಎನ್ನುವುದು ಅರ್ಧ ಸಲಹೆ. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಮೆದುಳಿನ ಆಪರೇಷನ್ನಿನ ನಂತರ ಅದು ಇಳಿಯುವುದುಂಟು. ಆಕ್ಸ್‌ಕಾರ್ಬಜೆಪಿನ್‌ನಂಥ ಅಪಸ್ಮಾರದ ಮಾತ್ರೆಯಿಂದಲೂ ಇಳಿಯಬಹುದು. ಉದ್ದ ಓಟದಲ್ಲಿ ಬಾಯಾರಿಕೆಗಿಂತ ಹೆಚ್ಚು ಬರೀ ನೀರು ಕುಡಿದರೆ ಇನ್ನೂ ಇಳಿದು ಅಪಸ್ಮಾರಕ್ಕೆ ದಾರಿಯಾಗುತ್ತದೆ. ಬೊಂಡದ ನೀರಿನಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಅದನ್ನೇ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇರುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ಉಪ್ಪಿನ ಗಂಜಿ ತಿಳಿಯೂ ಆದೀತು. ಒಮ್ಮೆ ಸೋಡಿಯಂ ಇಳಿದವರು ಎಷ್ಟು, ಏನು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.

ಈಜು ಎಲ್ಲಕ್ಕಿಂತ ಕೊನೆಗೆ. ಗಾಯ ಪೂರ್ತಿ ಮುಚ್ಚಿರಬೇಕು, ಅಪಸ್ಮಾರದ ಬಗ್ಗೆ ವೈದ್ಯರ ಒಪ್ಪಿಗೆ ಇರಬೇಕು, ಈಜಿ ದಡಕ್ಕೆ ಎಳೆಯಬಲ್ಲವರು ಪಕ್ಕದಲ್ಲಿರಬೇಕು. ತೋಟದ ಕೆರೆಯಲ್ಲಾಗಲಿ ಚಂದ್ರಗಿರಿ ಹೊಳೆಯಲ್ಲಾಗಲಿ ಒಬ್ಬರೇ ಇಳಿಯುವುದು ಬೇಡ. ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ಗಾಯದಿಂದಲೋ ಮೂಗಿನಿಂದಲೋ ತಿಳಿನೀರು ಒಸರುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಆಗಿ ಎಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕುತ್ತಾ ಕೂರಬಾರದು.