ಕವಾಯಿ ದ್ವೀಪದ ಮಕ್ಕಳು ಹೇಗೆ ಚೇತರಿಸಿಕೊಂಡರು

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಕತೆ ಇದು. ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬ ಇಬ್ಬರು ಮನೋವಿಜ್ಞಾನಿಗಳು ಆ ಮಕ್ಕಳ ಬದುಕನ್ನು ನಲವತ್ತು ವರ್ಷ ಆಗಾಗ ವಿಚಾರಿಸುತ್ತಾ ಬಂದರು. ಕಬ್ಬು, ಅನಾನಸ್ ತೋಟಗಳ ನಾಡು ಅದು. ಕೂಲಿಗೆಂದು ಜಪಾನ್, ಫಿಲಿಪೀನ್ಸ್‌ನಿಂದ ಬಂದು ನೆಲೆಸಿದವರ ಕುಟುಂಬಗಳು ಅಲ್ಲಿ ಬಹಳ.

ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಶುರುವಿನಲ್ಲೇ ಕಷ್ಟ ಕಾದಿತ್ತು. ಬಡತನ, ಹೆರಿಗೆಯ ತೊಂದರೆ, ಮನೆಯಲ್ಲಿ ಜಗಳ, ಕುಡಿತ, ಮನೋರೋಗ. ಎರಡು ವರ್ಷ ತುಂಬುವ ಮೊದಲೇ ಇಂಥ ನಾಲ್ಕಾದರೂ ತೊಂದರೆ ಕಂಡವರು ಇವರು. ಇವರಲ್ಲಿ ಹೆಚ್ಚಿನವರು ಮುಂದೆ ಎಡವಿದರು. ಕಲಿಕೆಯಲ್ಲಿ ಹಿಂದೆ ಬಿದ್ದರು, ಪೊಲೀಸರ ಕೈಗೆ ಸಿಕ್ಕರು. ಆದರೆ ಇವರಲ್ಲೇ 72 ಮಂದಿ, ಅಂದರೆ ಕಷ್ಟ ಕಂಡವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು, ದುಡಿದು ತಿನ್ನುವ, ಪ್ರೀತಿಸಬಲ್ಲ, ತಮ್ಮ ಮೇಲೆ ನಂಬಿಕೆಯಿರುವ ದೊಡ್ಡವರಾಗಿ ಬೆಳೆದರು.

ಹೇಗೆ? ಕೆಲವರದು ಹುಟ್ಟಿನಿಂದಲೇ ಎಲ್ಲರನ್ನೂ ಹತ್ತಿರ ಸೆಳೆಯುವ ಸ್ವಭಾವ. ತಮ್ಮಂದಿರು, ತಂಗಿಯರನ್ನು ನೋಡಿಕೊಳ್ಳುವಂಥ ಜವಾಬ್ದಾರಿಯೂ ಹಲವರಿಗೆ ಇತ್ತು. ಆದರೆ ನನ್ನ ಮಟ್ಟಿಗೆ ದೊಡ್ಡ ವಿಷಯ ಬೇರೆಯೇ. ಆ ಮಕ್ಕಳಿಗೆ ನೆಚ್ಚಬಹುದಾದ ಒಬ್ಬರಾದರೂ ದೊಡ್ಡವರು ಇದ್ದರು. ಹೆತ್ತವರೇ ಆಗಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಇಷ್ಟದ ಟೀಚರ್, ಯಾರಾದರೂ ಸರಿ.

ಇದು ಬರೀ ಸಮಾಧಾನದ ಮಾತಲ್ಲ, ಮೈಯೊಳಗೆ ಅಳೆಯಬಹುದಾದ ಸಂಗತಿ. ಹೆದರಿಕೆಯಾದಾಗ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಅಪಾಯ ಕಳೆದ ಮೇಲೆ ಅವು ಇಳಿಯಬೇಕು. ಮನೆಯೇ ಅಪಾಯವಾದರೆ ಇಳಿಯುವುದು ಯಾವಾಗ? ಬೆಳೆಯುವ ಮಿದುಳು ಸದಾ ಎಚ್ಚರದಲ್ಲೇ ಇರಲು ಕಲಿಯುತ್ತದೆ. ನೆನಪು, ಗಮನ, ನಿದ್ದೆ, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ಮೇಗನ್ ಗುನ್ನರ್ ಪುಟ್ಟ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಅಳೆದರು. ಗಟ್ಟಿಯಾಗಿ ನಂಬಿದ ದೊಡ್ಡವರು ಹತ್ತಿರವಿದ್ದಾಗ, ಮಗು ಹೆದರಿದರೂ ಕಾರ್ಟಿಸೋಲ್ ಅಷ್ಟಾಗಿ ಏರಲಿಲ್ಲ.

ಆ ಆಸರೆ ಸಿಗದವರ ಗತಿ? ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ಮಂದಿಯನ್ನು ಬಾಲ್ಯದ ಬಗ್ಗೆ ಕೇಳಿದರು. ಹೆಚ್ಚಿನವರು ಓದಿದ, ಆರೋಗ್ಯ ವಿಮೆಯಿದ್ದ ಜನ. ಆದರೂ ಅರ್ಧಕ್ಕಿಂತ ಜಾಸ್ತಿ ಮಂದಿ ಹಿಂಸೆಯನ್ನೋ ಮನೆಯೊಳಗಿನ ಗೊಂದಲವನ್ನೋ ಅನುಭವಿಸಿದ್ದರು. 1998ರಲ್ಲಿ ಮೊದಲ ವರದಿ ಬಂತು. ಇಂಥ ಅನುಭವಗಳು ಹೆಚ್ಚಿದಷ್ಟೂ ಖಿನ್ನತೆ, ಕುಡಿತ, ಹೃದ್ರೋಗದ ಸಾಧ್ಯತೆ ಏರುತ್ತಿತ್ತು. ಈ ಲೆಕ್ಕವನ್ನು ಒಂದೊಂದು ಮಗುವಿನ ಭವಿಷ್ಯ ಎಂದು ಓದಬಾರದು ಎಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದರು. ಈ ಎಚ್ಚರಿಕೆ ನನಗೆ ತುಂಬ ಮುಖ್ಯ ಅನಿಸುತ್ತದೆ. ನೊಂದ ಮಗುವಿನ ಹಣೆಗೆ ಇನ್ನೊಂದು ಪಟ್ಟಿ ಅಂಟಿಸಿ ಏನು ಪ್ರಯೋಜನ, ಅಲ್ವಾ?

ಕವಾಯಿಯಲ್ಲೂ ಎಡವಿದವರ ಕತೆ ಅಲ್ಲಿಗೇ ಮುಗಿಯಲಿಲ್ಲ. ಹದಿನೆಂಟರಲ್ಲಿ ಕಷ್ಟದಲ್ಲಿದ್ದ ಹಲವರು ನಲವತ್ತರ ಹೊತ್ತಿಗೆ ನೆಟ್ಟಗೆ ನಿಂತಿದ್ದರು. ಊರಿನ ಕಾಲೇಜಿನಲ್ಲಿ ಮತ್ತೆ ಓದು, ಸೇನೆಯ ಕೆಲಸ, ನೆಚ್ಚಿನ ಸಂಗಾತಿ, ಚರ್ಚಿನ ಬಳಗ ಅವರ ಕೈ ಹಿಡಿದಿದ್ದವು. ಇವೆಲ್ಲ ಇತರರು ತೆರೆದಿಟ್ಟ ಬಾಗಿಲುಗಳು. ಹಾಗಾಗಿ ‘ಗಟ್ಟಿ ಮನಸ್ಸು ಮಾಡು’ ಎಂದು ಮಗುವಿಗೆ ಸುಮ್ನೆ ಬುದ್ಧಿ ಹೇಳುವುದು ಸಾಲದು. ನೋಡಬೇಕಾದ್ದು ಅದರ ಸುತ್ತಲಿನ ಊರನ್ನು.

ನಮ್ಮಲ್ಲಿ ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದೇವೆ ಎಂದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಬೆತ್ತವಿಲ್ಲದೆ ಓದು ಹತ್ತದು ಎನ್ನುವವರು ಈಗಲೂ ಇದ್ದಾರೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಬಿಸಿಯೂಟ ಬಡಿಸುವ ಅಕ್ಕ ಮಗುವನ್ನು ಮೇಲಿಂದ ಮೇಲೆ ನೋಡುವವರು. ಮಗು ದಿಢೀರನೆ ಮಂಕಾದರೆ, ಕಾರಣವಿಲ್ಲದೆ ಸಿಡುಕಿದರೆ, ‘ಏನು ಮಾಡಿದೆ?’ ಎಂದು ಗದರುವ ಬದಲು ‘ಏನಾಯ್ತು ಕಂದಾ?’ ಎಂದು ಕೇಳುವ ತರಬೇತಿ ಅವರಿಗೆ ಸಿಗಬೇಕು. ಮಗು ಈಗಲೂ ಅಪಾಯದಲ್ಲಿದೆ ಅನಿಸಿದರೆ ಮೊದಲ ಕೆಲಸ ಅದನ್ನು ಕಾಪಾಡುವುದು. ಅದಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ದುಡ್ಡು ಬೇಕಿಲ್ಲ. ಲೈಂಗಿಕ ಹಿಂಸೆಯಾಗಿದ್ದರೆ, ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುವ ಬಂಧುಗಳಿಗೂ ಇದು ಅನ್ವಯಿಸುತ್ತದೆ.