ಫ್ಯಾಷನ್ ಮೇಲಿಂದ ಕೆಳಕ್ಕೆ ಇಳಿಯುತ್ತಾ?

ದೊಡ್ಡವರು ಉಟ್ಟಿದ್ದನ್ನು ನೋಡಿ ಉಳಿದವರು ಉಡುತ್ತಾರೆ. ಅದು ಎಲ್ಲರ ಮೈಮೇಲೂ ಬಂದ ಕೂಡಲೇ ದೊಡ್ಡವರು ಬೇರೇನೋ ಹುಡುಕುತ್ತಾರೆ. ಫ್ಯಾಷನ್ ಬಗ್ಗೆ ಸಮಾಜಶಾಸ್ತ್ರ ಮೊದಮೊದಲು ಹೇಳಿದ್ದರಲ್ಲಿ ತುಂಬಾ ಹೆಸರು ಮಾಡಿದ ಮಾತು ಇದು. ಕೇಳಿದರೆ ಹೌದಲ್ವಾ ಅನಿಸುತ್ತದೆ. ಆದರೆ ಅದು ಹುಟ್ಟಿದ ಊರು, ಕಾಲ ಎರಡನ್ನೂ ನೋಡದೆ ನಮ್ಮ ದೇಶಕ್ಕೂ ಹಾಗೇ ಅನ್ವಯಿಸಿಬಿಟ್ಟರೆ ದೊಡ್ಡದೇನೋ ಬಿಟ್ಟುಹೋಗುತ್ತದೆ.

ಯುರೋಪಿನಲ್ಲಿ ಬಹಳ ಕಾಲ ಯಾರು ಏನು ಉಡಬೇಕು ಅನ್ನೋದಕ್ಕೆ ಕಾನೂನೇ ಇತ್ತು. ಇಂಗ್ಲೆಂಡಿನ 1363ರ ಕಾನೂನು ಯಾವ ದರ್ಜೆಯವರು ಎಷ್ಟು ಬೆಲೆಯ ಬಟ್ಟೆ ತೊಡಬಹುದು ಅಂತ ಕೂಡ ಗೊತ್ತುಮಾಡಿತ್ತು. ಅಲ್ಲಿ ಇಂಥ ಕಾನೂನುಗಳು ರದ್ದಾಗಿದ್ದು 1604ರಲ್ಲಿ. ಆಮೇಲೆ ಕಾರ್ಖಾನೆ ಬಟ್ಟೆ ಬಂತು, ದೊಡ್ಡ ದೊಡ್ಡ ಅಂಗಡಿಗಳು ಬಂದವು. ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು ಅಂತಾಯಿತು.

1899ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್, ದುಬಾರಿ ಬಟ್ಟೆ ಅಂದರೆ 'ನನಗೆ ಮೈಬಗ್ಗಿಸಿ ದುಡಿಯುವ ಗರಜಿಲ್ಲ' ಅಂತ ಊರಿಗೆಲ್ಲ ತೋರಿಸುವುದು ಎಂದರು. ಹೆಂಗಸರು ಸೊಂಟ ಬಿಗಿಯಲು ತೊಡುತ್ತಿದ್ದ ಕಾರ್ಸೆಟ್ಟೂ ಅದಕ್ಕೇ ಅಂದರು. ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ 1895ರಲ್ಲಿ ಒಮ್ಮೆ, 1904ರಲ್ಲಿ ಇನ್ನಷ್ಟು ವಿಸ್ತಾರವಾಗಿ ಈ ವಿಷಯ ಬರೆದರು. ಮನುಷ್ಯನಿಗೆ ಎಲ್ಲರ ಹಾಗೆ ಇರಬೇಕು ಅನ್ನುವ ಆಸೆಯೂ ಇದೆ, ಎಲ್ಲರಿಗಿಂತ ಬೇರೆ ಕಾಣಬೇಕು ಅನ್ನುವ ಆಸೆಯೂ ಇದೆ, ಫ್ಯಾಷನ್ ಎರಡನ್ನೂ ಒಟ್ಟಿಗೇ ತೀರಿಸುತ್ತದೆ ಅನ್ನೋದು ಅವರ ವಾದ. ಬೇಕಂತಲೇ ಫ್ಯಾಷನ್ ಬಿಟ್ಟವನೂ ಫ್ಯಾಷನ್ನಿನ ಲೆಕ್ಕದಲ್ಲೇ ಬದುಕುತ್ತಾನೆ ಅಂತಲೂ ಅವರು ಹೇಳಿದ್ದರು. ಈ ಮಾತು ಇವತ್ತಿಗೂ ಗಟ್ಟಿಯಾಗಿದೆ ಅಂತ ನನ್ನ ನಂಬಿಕೆ. ಸಡಿಲವಾಗಿದ್ದು, ಅವರೇ ಹೇಳಿದ್ದ, ಫ್ಯಾಷನ್ ಮೇಲಿಂದ ಕೆಳಕ್ಕೆ ಇಳಿಯುತ್ತದೆ ಅನ್ನುವ ಭಾಗ.

ಅದಕ್ಕೆ ಜೋರು ಪೆಟ್ಟು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್, 1969ರಲ್ಲಿ. ಇವರು ಪ್ಯಾರಿಸ್ಸಿನ ಫ್ಯಾಷನ್ ಲೋಕವನ್ನು ಹತ್ತಿರದಿಂದ ನೋಡಿದವರು. ಒಂದು ಪ್ರದರ್ಶನದಲ್ಲಿ ನೂರಕ್ಕೂ ಜಾಸ್ತಿ ಉಡುಪು, ಎದುರಿಗೆ 100ರಿಂದ 200 ಖರೀದಿದಾರರು. ಒಬ್ಬರಿಗೊಬ್ಬರು ಪೈಪೋಟಿಯವರು, ಪಕ್ಕದವರು ಏನು ಆರಿಸಿದರು ಅಂತ ಗೊತ್ತಿಲ್ಲ. ಆದರೂ ಕೊನೆಗೆ ಆಯ್ಕೆಯಾಗುತ್ತಿದ್ದದ್ದು ಅದೇ ಆರೆಂಟು ಉಡುಪು. ಯಾಕೆ ಇದನ್ನೇ ಆರಿಸಿದಿರಿ ಅಂದರೆ 'ಅದ್ಭುತವಾಗಿದೆ' ಅನ್ನುತ್ತಿದ್ದರು, ಅಷ್ಟೇ. ಅವರೆಲ್ಲ ಓದುತ್ತಿದ್ದದ್ದು ಅವೇ ಪತ್ರಿಕೆ, ಗಮನಿಸುತ್ತಿದ್ದದ್ದು ಅದೇ ಪೇಟೆ, ಹುಡುಕುತ್ತಿದ್ದದ್ದು ನಾಳೆಯ ರುಚಿ. ಶ್ರೀಮಂತರು ಉಟ್ಟರು ಅಂತ ಅದು ಫ್ಯಾಷನ್ ಆಗುವುದಿಲ್ಲ, ಫ್ಯಾಷನ್ ಆಗಲಿದೆ ಅಂತ ಅನಿಸಿದ್ದನ್ನೇ ಶ್ರೀಮಂತರೂ ಉಡುತ್ತಾರೆ ಅಂದರು ಬ್ಲೂಮರ್. ಜೀನ್ಸ್ ಅಂತೂ ಕೆಳಗಿಂದಲೇ ಮೇಲೆ ಹತ್ತಿತು. ಹೊಲಿಗೆ ಬಿಡದಂತೆ ಲೋಹದ ರಿವೆಟ್ ಹೊಡೆದ ಆ ಪ್ಯಾಂಟಿಗೆ 1873ರಲ್ಲಿ ಪೇಟೆಂಟ್ ಸಿಕ್ಕಾಗ ಅದನ್ನು ಹಾಕುತ್ತಿದ್ದವರು ಕೂಲಿಕಾರರು.

ನಮ್ಮಲ್ಲಿ ಸಿಮೆಲ್ ವಾದಕ್ಕೆ ಹತ್ತಿರದ ಮಾತು ಹೇಳಿದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಕೊಡವರ ಬಗ್ಗೆ 1952ರಲ್ಲಿ ಬಂದ ಅವರ ಪುಸ್ತಕದಲ್ಲೇ ಸಂಸ್ಕೃತೀಕರಣದ ವಿಚಾರ ಇದೆ: ಕೆಳಗಿನ ಜಾತಿಗಳು ಮೇಲಿನವರ ಆಚಾರ, ಊಟ, ಉಡುಪು ಅನುಸರಿಸಿ ಮೇಲೇರಲು ನೋಡುವುದು. 1956ರಲ್ಲಿ ಇನ್ನೊಂದು ವಿಷಯ ಸೇರಿಸಿದರು. ಉಳಿದವರು ಬ್ರಾಹ್ಮಣರ ಕಡೆ ನೋಡುತ್ತಿದ್ದಾಗ ಮೈಸೂರಿನ ಬ್ರಾಹ್ಮಣರು ಇಂಗ್ಲಿಷರ ಕಡೆ ತಿರುಗಿದ್ದರು. ಜುಟ್ಟು ಹೋಗಿ ಕ್ರಾಪು ಬಂತು. ಮಡಿಪಂಚೆ ಉಟ್ಟು, ಅಂಗಿ ತೆಗೆದು ಊಟಕ್ಕೆ ಕೂರಬೇಕಿದ್ದವರು ಅಂಗಿ ತೊಟ್ಟೇ ಎಲೆ ಮುಂದೆ ಕೂತರು. ಇಷ್ಟರ ಮಟ್ಟಿಗೆ ಸಿಮೆಲ್ ಹೇಳಿದ ಹಾಗೇ ಇದೆ.

ಆದರೆ ದೊಡ್ಡವರನ್ನು ನೋಡಿ ಅವರ ಹಾಗೆ ಉಟ್ಟರೆ ಯಾರೂ ಹೊಡೆಯಲ್ಲ ಅಂತ ಇಟ್ಟುಕೊಂಡೇ ಸಿಮೆಲ್ ವಾದ ಶುರುವಾಗುತ್ತದೆ. ದಕ್ಷಿಣ ಕೇರಳದ ಕಡೆಯ ತಿರುವಾಂಕೂರು ಸಂಸ್ಥಾನದಲ್ಲಿ, ಕೆಳಜಾತಿ ಅನಿಸಿಕೊಂಡಿದ್ದ ನಾಡಾರ್ ಹೆಂಗಸರು ಎದೆ ಮೇಲೆ ಬಟ್ಟೆ ಹೊದ್ದಿದ್ದಕ್ಕೇ ದಶಕಗಟ್ಟಲೆ ಗಲಭೆಗಳಾದವು, ಹಾಡುಹಗಲೇ ಅವರ ಬಟ್ಟೆ ಹರಿದರು. 1859ರಲ್ಲಿ ರಾಜ ಕೊನೆಗೂ ಒಪ್ಪಿದ. ಮೈ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಹೊದೆಯಬಾರದು ಅಂತ ಅಪ್ಪಣೆ! ಬಟ್ಟೆ ಕೊಟ್ಟರೂ ಗುರುತು ಅಳಿಯಬಾರದು ಅನ್ನುವ ಎಚ್ಚರ ಅದರಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ.

ಆ ಗುರುತಿಗೇ ಕೈ ಹಾಕಿದವರು ಅಂಬೇಡ್ಕರ್. 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಸೇರಿದ್ದ ದಲಿತ ಹೆಂಗಸರಿಗೆ, ನೀವು ಸೀರೆ ಉಡುವ ರೀತಿಯೇ ನಿಮ್ಮ ಜಾತಿ ಹೇಳುತ್ತದೆ, ಅದನ್ನು ಬಿಡಿ, ಮೊಣಕೈವರೆಗಿನ ಬೆಳ್ಳಿ ಬಳೆಗಳನ್ನೂ ಬಿಡಿ ಅಂದರು. ಅವರ ಮಾತು ಕೇಳಿ ಹೆಂಗಸರು ಸೀರೆ ಉಡುವ ರೀತಿಯನ್ನೇ ಬದಲಿಸಿದರು. ಇದನ್ನು ಸುಮ್ನೆ ಮೇಲಿನವರ ಅನುಕರಣೆ ಅಂತ ಕರೆಯಲು ನನಗೆ ಮನಸ್ಸು ಬರಲ್ಲ. ಮೇಲಿನವರ ಹಾಗೆ ಕಾಣುವುದಕ್ಕಿಂತ, ನೋಡಿದ ತಕ್ಷಣ ಜಾತಿ ಗೊತ್ತಾಗಬಾರದು ಅನ್ನೋದು ಅಲ್ಲಿ ಮುಖ್ಯವಾಗಿತ್ತು. ಸಿಮೆಲ್ ಹೇಳಿದ ಎರಡು ಆಸೆಗಳ ಜೊತೆಗೆ ಈ ಮೂರನೆಯದನ್ನೂ ನಮ್ಮ ಸಮಾಜಶಾಸ್ತ್ರದ ತರಗತಿಗಳಲ್ಲಿ ಪಾಠ ಮಾಡಬೇಕು.